ಪರ್ವತ ಸ್ನೋಮೊಬೈಲ್‌ನ ತೂಕ ಮತ್ತು ಟ್ರ್ಯಾಕ್ ಸವೆತ

ಪರ್ವತ ಸ್ನೋಮೊಬೈಲ್ ಎಂಬುದು ಆಳವಾದ ಮೆತ್ತನೆಯ ಹಿಮದಲ್ಲಿಯೂ ಕಡಿದಾದ ಇಳಿಜಾರುಗಳಲ್ಲಿಯೂ ಚಲಿಸುವುದಕ್ಕಾಗಿ ರೂಪಿಸಲಾದ ಹಿಮವಾಹನ. ಇದರ ಮುಂಭಾಗದಲ್ಲಿ ದಿಕ್ಕು ಬದಲಿಸಲು ಎರಡು ಸ್ಕೀಗಳೂ ಹಿಂಭಾಗದಲ್ಲಿ ವಾಹನವನ್ನು ಮುಂದಕ್ಕೆ ತಳ್ಳುವ ರಬ್ಬರಿನ ಸುತ್ತುಪಟ್ಟಿಯೂ ಇರುತ್ತವೆ. ಈ ಸುತ್ತುಪಟ್ಟಿಯನ್ನು ಟ್ರ್ಯಾಕ್ ಎಂದು ಕರೆಯಲಾಗುತ್ತದೆ. ವಾಹನವು ಹಿಮದಲ್ಲಿ ಹೂತುಹೋಗದೆ ಮೇಲೆ ಉಳಿಯುವುದು ಮುಖ್ಯವಾಗಿ ಎರಡು ಅಂಶಗಳನ್ನು ಅವಲಂಬಿಸಿದೆ: ಒಟ್ಟು ತೂಕ ಮತ್ತು ಟ್ರ್ಯಾಕ್‌ನ ಸ್ಥಿತಿ. ಇವೆರಡೂ ಪರಸ್ಪರ ಸಂಬಂಧ ಹೊಂದಿವೆ. ಟ್ರ್ಯಾಕ್ ಹಗುರವಾದಷ್ಟೂ ವಾಹನ ಚುರುಕಾಗುತ್ತದೆ; ಆದರೆ ಹಗುರವಾದ ಟ್ರ್ಯಾಕ್ ಗಟ್ಟಿ ನೆಲದ ಮೇಲೆ ಬೇಗನೆ ಸವೆಯುತ್ತದೆ.

ಹಿನ್ನೆಲೆ

ಎಂಜಿನ್ ಬಳಸಿ ಹಿಮದ ಮೇಲೆ ಚಲಿಸುವ ವಾಹನಗಳ ಪ್ರಯೋಗಗಳು 20ನೆಯ ಶತಮಾನದ ಆರಂಭದಲ್ಲಿಯೇ ನಡೆದಿದ್ದವು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸೇನರ್ ಎಂಬ ಊರಿನ ಕಾರ್ಲ್ ಎಲಿಯಾಸನ್ 1924ರಲ್ಲಿ ಎಂಜಿನ್ ಅಳವಡಿಸಿದ ಜಾರುಬಂಡಿಯೊಂದನ್ನು ನಿರ್ಮಿಸಿದರು. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬ ಊರಿನ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ 1930ರ ದಶಕದಲ್ಲಿ ಹಲ್ಲುಚಕ್ರದಿಂದ ತಿರುಗುವ ಸುತ್ತುಪಟ್ಟಿಯ ವ್ಯವಸ್ಥೆಯನ್ನು ಅಭಿವೃದ್ಧಿಪಡಿಸಿದರು. 1934ರ ಚಳಿಗಾಲದಲ್ಲಿ ಹಿಮ ತುಂಬಿದ ದಾರಿಯಿಂದಾಗಿ ಆಸ್ಪತ್ರೆಗೆ ಸಾಗಿಸಲಾಗದೆ ಅವರ ಎಳೆಯ ಮಗನೊಬ್ಬ ಮೃತಪಟ್ಟಿದ್ದನು. ಅವರ ಮೊದಲ ವಾಹನಗಳು ಹಲವು ಪ್ರಯಾಣಿಕರನ್ನು ಸಾಗಿಸುವ ದೊಡ್ಡ ಹಿಮಬಸ್ಸುಗಳಾಗಿದ್ದವು. 1959ರಲ್ಲಿ ಅವರ ಕಂಪನಿಯು ಸ್ಕೀ-ಡೂ ಎಂಬ ಹಗುರವಾದ ಚಿಕ್ಕ ವಾಹನವನ್ನು ಮಾರುಕಟ್ಟೆಗೆ ತಂದಿತು. ಇದೇ ಅವಧಿಯಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಪೊಲಾರಿಸ್ ಮತ್ತು ಆರ್ಕ್ಟಿಕ್ ಕ್ಯಾಟ್ ಕಂಪನಿಗಳೂ ಬೆಳೆದವು.

ಆರಂಭದ ಸ್ನೋಮೊಬೈಲ್‌ಗಳು ಸಮತಟ್ಟಾದ ಹಾದಿಗಳಿಗೆ ಹೆಚ್ಚು ಸೂಕ್ತವಾಗಿದ್ದವು. ಉತ್ತರ ಅಮೆರಿಕದ ಪಶ್ಚಿಮ ಭಾಗದ ರಾಕಿ ಪರ್ವತಗಳಂತಹ ಎತ್ತರದ ಪ್ರದೇಶಗಳಲ್ಲಿ ಅವು ಹೂತುಹೋಗುತ್ತಿದ್ದುದರಿಂದ ಉದ್ದ ಟ್ರ್ಯಾಕ್‌ನ ಪ್ರತ್ಯೇಕ ಮಾದರಿಗಳು ರೂಪುಗೊಂಡವು. ಸ್ಕೀ-ಡೂ ಸಮ್ಮಿಟ್ ಮತ್ತು ಪೊಲಾರಿಸ್ ಆರ್‌ಎಂಕೆ ಈ ವರ್ಗದ ಪ್ರಸಿದ್ಧ ಮಾದರಿಗಳು.

ತೂಕದ ಮಹತ್ವ

ಮೆತ್ತನೆಯ ಹಿಮದ ಮೇಲೆ ವಾಹನವೊಂದು ನಿಲ್ಲುವುದು ಅದರ ತೂಕ ಎಷ್ಟು ವಿಸ್ತೀರ್ಣದ ಮೇಲೆ ಹರಡಿದೆ ಎಂಬುದನ್ನು ಅವಲಂಬಿಸಿದೆ. ಉದಾಹರಣೆಗೆ, ವಾಹನ ಮತ್ತು ಸವಾರನ ಒಟ್ಟು ತೂಕ 330 ಕಿಲೋಗ್ರಾಂ ಎಂದೂ 38 ಸೆಂ.ಮೀ. ಅಗಲದ ಟ್ರ್ಯಾಕ್‌ನ 150 ಸೆಂ.ಮೀ. ಉದ್ದ ಹಿಮಕ್ಕೆ ತಾಗಿದೆ ಎಂದೂ ಭಾವಿಸೋಣ. ಸ್ಕೀಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ವಿಸ್ತೀರ್ಣ 5,700 ಚದರ ಸೆಂ.ಮೀ. ಆಗುತ್ತದೆ. ಪ್ರತಿ ಚದರ ಸೆಂ.ಮೀ. ಮೇಲೆ ಬೀಳುವ ಭಾರ ಸುಮಾರು 58 ಗ್ರಾಂ ಮಾತ್ರ. ಸಾಮಾನುಗಳೊಂದಿಗೆ 90 ಕಿಲೋಗ್ರಾಂ ತೂಗುವ ವ್ಯಕ್ತಿಯು ನಡೆಯುವಾಗ ಸುಮಾರು 200 ಚದರ ಸೆಂ.ಮೀ. ವಿಸ್ತೀರ್ಣದ ಒಂದು ಪಾದದ ಮೇಲೆ ನಿಂತರೆ ಅದೇ ಭಾರ 450 ಗ್ರಾಂ ಆಗುತ್ತದೆ. ಆದ್ದರಿಂದಲೇ ಯಂತ್ರವು ಸಾಗಿಹೋದ ಹಿಮದಲ್ಲಿ ಅದರಿಂದ ಕೆಳಗಿಳಿದ ಸವಾರನು ಸೊಂಟದವರೆಗೆ ಹೂತುಹೋಗುವುದುಂಟು.

ಎತ್ತರ ಹೆಚ್ಚಿದಂತೆ ತೂಕದ ಪ್ರಶ್ನೆ ಇನ್ನಷ್ಟು ಮುಖ್ಯವಾಗುತ್ತದೆ. ಸಮುದ್ರಮಟ್ಟದಿಂದ 3,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆಯು ಸುಮಾರು ಕಾಲು ಭಾಗದಷ್ಟು ಕಡಿಮೆಯಿರುತ್ತದೆ. ಟರ್ಬೊ ಇಲ್ಲದ ಎಂಜಿನ್‌ನ ಶಕ್ತಿಯೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ವಾಹನದ ತೂಕ ಮಾತ್ರ ಹಾಗೆಯೇ ಉಳಿಯುತ್ತದೆ. ಈ ಕೊರತೆಯನ್ನು ನೀಗಿಸಲು ತಯಾರಕರು ಇತ್ತೀಚಿನ ವರ್ಷಗಳಲ್ಲಿ ಟರ್ಬೊ ಅಳವಡಿಸಿದ ಎರಡು ಹೊಡೆತಗಳ ಎಂಜಿನ್‌ಗಳನ್ನು ತಂದಿದ್ದಾರೆ. ಆದರೆ ಟರ್ಬೊ ಮತ್ತು ಅದರ ಕೊಳವೆಗಳೂ ತೂಕವನ್ನು ಹೆಚ್ಚಿಸುತ್ತವೆ.

ಒಣ ತೂಕ ಮತ್ತು ಸಿದ್ಧ ತೂಕ

ತಯಾರಕರು ಸಾಮಾನ್ಯವಾಗಿ ಪ್ರಕಟಿಸುವುದು ಒಣ ತೂಕವನ್ನು. ಇಂಧನ ಮತ್ತು ಇತರ ದ್ರವಗಳನ್ನು ಬಿಟ್ಟು ಅಳೆದ ತೂಕಕ್ಕೆ ಈ ಹೆಸರಿದೆ. ಇಂದಿನ ಪರ್ವತ ಸ್ನೋಮೊಬೈಲ್‌ಗಳ ಒಣ ತೂಕ ಹೆಚ್ಚಾಗಿ 185ರಿಂದ 220 ಕಿಲೋಗ್ರಾಂಗಳ ನಡುವೆ ಇರುತ್ತದೆ. ಸವಾರಿಗೆ ಸಿದ್ಧವಾದ ವಾಹನದ ತೂಕ ಇದಕ್ಕಿಂತ ಸಾಕಷ್ಟು ಹೆಚ್ಚು. ಪೆಟ್ರೋಲ್ ಲೀಟರಿಗೆ ಸುಮಾರು 0.74 ಕಿಲೋಗ್ರಾಂ ತೂಗುವುದರಿಂದ 40 ಲೀಟರ್ ಇಂಧನದ ತೂಕವೇ ಸುಮಾರು 30 ಕಿಲೋಗ್ರಾಂ ಆಗುತ್ತದೆ. ಇದಕ್ಕೆ ಎಂಜಿನ್ ಆಯಿಲ್, ಎಂಜಿನ್ ತಂಪುಗೊಳಿಸುವ ದ್ರವ, ಬ್ರೇಕ್ ದ್ರವ ಮತ್ತು ಬ್ಯಾಟರಿಯ ತೂಕಗಳು ಸೇರುತ್ತವೆ. ಸವಾರನು ಕಟ್ಟಿಕೊಂಡು ಹೋಗುವ ಚೀಲ, ಉಪಕರಣಗಳು ಮತ್ತು ಹೆಚ್ಚುವರಿ ಇಂಧನದ ಡಬ್ಬಗಳು ಇವಕ್ಕೆ ಹೊರತಾದ ಭಾರ.

ಯಾವ ದ್ರವಗಳನ್ನು ಬಿಟ್ಟು ಅಳೆಯಲಾಗಿದೆ, ಯಾವ ಉದ್ದದ ಟ್ರ್ಯಾಕ್ ಅಳವಡಿಸಲಾಗಿತ್ತು, ವಿದ್ಯುತ್ ಸ್ಟಾರ್ಟರ್ ಇತ್ತೇ ಎಂಬ ವಿವರಗಳಿಲ್ಲದೆ ಎರಡು ವಾಹನಗಳ ಒಣ ತೂಕಗಳನ್ನು ಹೋಲಿಸಿದರೆ ತಪ್ಪು ತೀರ್ಮಾನಕ್ಕೆ ಬರುವ ಸಾಧ್ಯತೆಯಿದೆ. ಸವಾರಿಯ ವೇಳೆಯಲ್ಲಿ ಟ್ರ್ಯಾಕ್‌ನ ಮೇಲಿನ ಕವಚದ ಒಳಗೂ ಸಸ್ಪೆನ್ಷನ್‌ನ ಸಂದುಗಳಲ್ಲಿಯೂ ಹಿಮ ಮೆತ್ತಿಕೊಂಡು ಮಂಜುಗಡ್ಡೆಯಾಗುತ್ತದೆ. ಈ ಭಾರವು ಯಾವ ಪಟ್ಟಿಯಲ್ಲಿಯೂ ನಮೂದಾಗುವುದಿಲ್ಲ.

ತೂಗುವ ವಿಧಾನ

ಸ್ನೋಮೊಬೈಲ್ ಅನ್ನು ತೂಗಲು ಮುಖ್ಯವಾಗಿ ಎರಡು ವಿಧಾನಗಳು ಬಳಕೆಯಲ್ಲಿವೆ. ಮೊದಲನೆಯದರಲ್ಲಿ ವಾಹನವನ್ನು ಪಟ್ಟಿಗಳಿಂದ ಕಟ್ಟಿ, ತೂಕ ತೋರಿಸುವ ಕೊಕ್ಕೆಯ ಮೂಲಕ ಮೇಲೆತ್ತಲಾಗುತ್ತದೆ. ಇದರಿಂದ ಒಟ್ಟು ತೂಕ ನೇರವಾಗಿ ದೊರೆಯುತ್ತದೆ. ಪಟ್ಟಿಗಳ ತೂಕವನ್ನು ಕಳೆಯಬೇಕಾಗುತ್ತದೆ. ಎರಡನೆಯದರಲ್ಲಿ ಎರಡು ಸ್ಕೀಗಳ ಕೆಳಗೂ ಟ್ರ್ಯಾಕ್‌ನ ಕೆಳಗೂ ತೂಕದ ಯಂತ್ರಗಳನ್ನಿಟ್ಟು, ಬಂದ ಸಂಖ್ಯೆಗಳನ್ನು ಕೂಡಲಾಗುತ್ತದೆ. ಈ ವಿಧಾನದಲ್ಲಿ ಒಟ್ಟು ತೂಕದ ಜೊತೆಗೆ ತೂಕದ ಹಂಚಿಕೆಯೂ ತಿಳಿಯುತ್ತದೆ. ಎರಡು ಸ್ಕೀಗಳ ಮೇಲೆ ಒಟ್ಟು 90 ಕಿಲೋಗ್ರಾಂ, ಟ್ರ್ಯಾಕ್‌ನ ಮೇಲೆ 150 ಕಿಲೋಗ್ರಾಂ ಬಂದರೆ ಒಟ್ಟು ತೂಕ 240 ಕಿಲೋಗ್ರಾಂ ಎಂದೂ ಅದರಲ್ಲಿ ಶೇ. 37.5ರಷ್ಟು ಮುಂಭಾಗದಲ್ಲಿದೆ ಎಂದೂ ಅರ್ಥ.

ಫಲಿತಾಂಶ ನಂಬಲರ್ಹವಾಗಲು ಈ ಕೆಳಗಿನ ಅಂಶಗಳನ್ನು ಗಮನಿಸಲಾಗುತ್ತದೆ:

• ವಾಹನದ ಮೇಲಿನ ಹಿಮ, ಮಂಜುಗಡ್ಡೆ ಮತ್ತು ನೀರನ್ನು ಪೂರ್ಣವಾಗಿ ತೆಗೆದಿರಬೇಕು.
• ಇಂಧನದ ತೊಟ್ಟಿ ಖಾಲಿಯಿದೆಯೇ ತುಂಬಿದೆಯೇ ಎಂಬುದನ್ನು ತೂಕದ ಜೊತೆಗೆ ಬರೆದಿಡಬೇಕು.
• ತೂಕದ ಯಂತ್ರವನ್ನು ಮೊದಲು ಸೊನ್ನೆಗೆ ತಂದು, ತೂಕ ಗೊತ್ತಿರುವ ವಸ್ತುವೊಂದರಿಂದ ಪರೀಕ್ಷಿಸಬೇಕು.
• ಒಂದೇ ಯಂತ್ರದಿಂದ ಮುಂಭಾಗ ಮತ್ತು ಹಿಂಭಾಗವನ್ನು ಬೇರೆ ಬೇರೆಯಾಗಿ ತೂಗುವಾಗ, ಇನ್ನೊಂದು ತುದಿಯನ್ನು ಯಂತ್ರದಷ್ಟೇ ಎತ್ತರದ ಹಲಗೆಯ ಮೇಲಿಡಬೇಕು. ಇಲ್ಲದಿದ್ದರೆ ವಾಹನ ವಾಲಿ ತೂಕದ ಹಂಚಿಕೆ ಬದಲಾಗುತ್ತದೆ.
• ಸಸ್ಪೆನ್ಷನ್ ಸಹಜ ಸ್ಥಿತಿಗೆ ಬರುವಂತೆ ವಾಹನವನ್ನು ಒಂದೆರಡು ಬಾರಿ ಅದುಮಿ ಬಿಡಬೇಕು.

ಟ್ರ್ಯಾಕ್‌ನ ರಚನೆ ಮತ್ತು ತೂಕ

ಟ್ರ್ಯಾಕ್ ಎಂಬುದು ಬಟ್ಟೆ ಮತ್ತು ದಾರಗಳ ಪದರಗಳಿಂದ ಬಲಪಡಿಸಿದ ರಬ್ಬರಿನ ಪಟ್ಟಿ. ಇದರೊಳಗೆ ಅಡ್ಡಲಾಗಿ ಗಾಜಿನ ನಾರಿನ ಸರಳುಗಳಿರುತ್ತವೆ. ಹೊರಮೈಯಲ್ಲಿ ಹಿಮವನ್ನು ಹಿಡಿದು ತಳ್ಳುವ ಎತ್ತರದ ರಬ್ಬರ್ ಹಲ್ಲುಗಳಿರುತ್ತವೆ. ಇವುಗಳಿಗೆ ಲಗ್ ಎಂದು ಹೆಸರು. ಒಳಮೈಯಲ್ಲಿ ಚಾಲಕ ಚಕ್ರಗಳು ಹಿಡಿಯುವ ಚಿಕ್ಕ ಹಲ್ಲುಗಳೂ ಉಕ್ಕಿನ ಕ್ಲಿಪ್‌ಗಳೂ ಇರುತ್ತವೆ. ಸಸ್ಪೆನ್ಷನ್‌ನ ಹಳಿಗಳ ತಳಕ್ಕೆ ಜೋಡಿಸಿದ ಪ್ಲಾಸ್ಟಿಕ್ ಜಾರುಪಟ್ಟಿಗಳ ಮೇಲೆ ಈ ಕ್ಲಿಪ್‌ಗಳು ಜಾರುತ್ತವೆ.

ಟ್ರ್ಯಾಕ್‌ನ ಅಳತೆಯನ್ನು ಅಂಗುಲಗಳಲ್ಲಿ ಹೇಳುವುದು ರೂಢಿ. ಹಾದಿಯ ವಾಹನಗಳಲ್ಲಿ ಸುತ್ತಳತೆ 120ರಿಂದ 137 ಅಂಗುಲ ಇದ್ದರೆ, ಪರ್ವತ ವಾಹನಗಳಲ್ಲಿ 146, 154, 165 ಅಥವಾ 175 ಅಂಗುಲಗಳಷ್ಟಿರುತ್ತದೆ. ಹಾದಿಯ ವಾಹನದ ಲಗ್‌ಗಳು ಹೆಚ್ಚಾಗಿ 1ರಿಂದ 1.5 ಅಂಗುಲ ಎತ್ತರವಿದ್ದರೆ, ಪರ್ವತ ವಾಹನದಲ್ಲಿ 2.5ರಿಂದ 3 ಅಂಗುಲ ಎತ್ತರವಿರುತ್ತವೆ.

ವೇಗ ಪಡೆಯುವ ವಿಷಯದಲ್ಲಿ ಟ್ರ್ಯಾಕ್‌ನ ತೂಕಕ್ಕೆ ವಿಶೇಷ ಸ್ಥಾನವಿದೆ. ವಾಹನದ ಇತರ ಭಾಗಗಳು ಮುಂದಕ್ಕೆ ಚಲಿಸುತ್ತವೆಯಷ್ಟೆ. ಟ್ರ್ಯಾಕ್ ಮಾತ್ರ ವಾಹನದೊಂದಿಗೆ ಮುಂದಕ್ಕೆ ಚಲಿಸುತ್ತಲೇ ಅದೇ ವೇಗದಲ್ಲಿ ಸುತ್ತಲೂ ತಿರುಗುತ್ತದೆ. ಹಿಮಕ್ಕೆ ತಾಗಿದ ಕೆಳಭಾಗವು ಜಾರದಿದ್ದಾಗ ನಿಶ್ಚಲವಾಗಿರುತ್ತದೆ. ಮೇಲ್ಭಾಗವು ವಾಹನದ ಎರಡರಷ್ಟು ವೇಗದಲ್ಲಿ ಸಾಗುತ್ತದೆ. ಹೀಗಾಗಿ ಒಂದು ಕಿಲೋಗ್ರಾಂ ಟ್ರ್ಯಾಕ್‌ಗೆ ವೇಗ ಕೊಡಲು ಬೇಕಾಗುವ ಶಕ್ತಿಯು ಅದೇ ತೂಕದ ಬೇರೆ ಭಾಗಕ್ಕೆ ಬೇಕಾಗುವುದರ ಎರಡರಷ್ಟು. ಹಿಮದ ಮೇಲೆ ತೇಲುವ ವಿಷಯದಲ್ಲಿ ಮಾತ್ರ ಎಲ್ಲ ಕಿಲೋಗ್ರಾಂಗಳೂ ಸಮಾನ. ಟ್ರ್ಯಾಕ್ ಅನ್ನು ಹಗುರಗೊಳಿಸಲು ತಯಾರಕರು ರಬ್ಬರಿನ ದಪ್ಪ, ಒಳಪದರಗಳು ಅಥವಾ ಸರಳುಗಳನ್ನು ಕಡಿಮೆ ಮಾಡುತ್ತಾರೆ. ಸವೆತವನ್ನೂ ಹರಿತವನ್ನೂ ತಡೆಯುವ ಭಾಗಗಳೂ ಇವೇ ಆಗಿವೆ.

ಸವೆತದ ಕಾರಣಗಳು

ಗಟ್ಟಿಯಾದ ಹಾದಿ: ಎತ್ತರದ ಲಗ್‌ಗಳು ಮೆತ್ತನೆಯ ಹಿಮದಲ್ಲಿ ಹೆಚ್ಚು ಸವೆಯುವುದಿಲ್ಲ. ಗಟ್ಟಿ ಹಿಮ ಅಥವಾ ಮಂಜುಗಡ್ಡೆಯ ಮೇಲೆ ಅವು ವಾಹನದ ಭಾರಕ್ಕೆ ಮತ್ತೆ ಮತ್ತೆ ಬಾಗುತ್ತವೆ. ಇದರಿಂದ ರಬ್ಬರ್ ಬಿಸಿಯಾಗಿ ಲಗ್‌ನ ಬುಡದಲ್ಲಿ ಬಿರುಕು ಬಿಡುತ್ತದೆ. ಕೊನೆಗೆ ಲಗ್ ಕಿತ್ತುಹೋಗುತ್ತದೆ. ಪರ್ವತದ ತಪ್ಪಲನ್ನು ತಲುಪುವವರೆಗಿನ ಗಟ್ಟಿ ಹಾದಿಯೇ ಹಲವೊಮ್ಮೆ ಟ್ರ್ಯಾಕ್‌ಗೆ ಹೆಚ್ಚಿನ ಹಾನಿಯನ್ನುಂಟುಮಾಡುತ್ತದೆ.

ಹಿಮದ ಕೊರತೆ: ಟ್ರ್ಯಾಕ್ ಎರಚುವ ಹಿಮವೇ ಜಾರುಪಟ್ಟಿಗಳಿಗೆ ಜಾರುವಿಕೆಯನ್ನು ಒದಗಿಸಿ, ಕವಚದ ಒಳಗಿರುವ ಶಾಖ ಹೊರಹಾಕುವ ಫಲಕಗಳನ್ನು ತಂಪಾಗಿಡುತ್ತದೆ. ಹಿಮ ಸಾಲದಿದ್ದರೆ ಜಾರುಪಟ್ಟಿಗಳು ಕರಗಿ ಕ್ಲಿಪ್‌ಗಳಿಗೆ ಅಂಟಿಕೊಳ್ಳುತ್ತವೆ. ಎಂಜಿನ್ ಕೂಡ ಅತಿಯಾಗಿ ಬಿಸಿಯಾಗುತ್ತದೆ. ಗಟ್ಟಿ ಹಾದಿಯಲ್ಲಿ ಹಿಮವನ್ನು ಕೆರೆದು ಮೇಲಕ್ಕೆ ಎರಚುವ ಲೋಹದ ಕೆರೆಕಡ್ಡಿಗಳನ್ನು ಹಳಿಗಳಿಗೆ ಅಳವಡಿಸುವುದು ಇದಕ್ಕೆ ಸಾಮಾನ್ಯ ಪರಿಹಾರ.

ತಪ್ಪಾದ ಬಿಗಿತ: ಟ್ರ್ಯಾಕ್ ಸಡಿಲವಾಗಿದ್ದರೆ ಚಾಲಕ ಚಕ್ರದ ಹಲ್ಲುಗಳು ಟ್ರ್ಯಾಕ್‌ನ ಒಳಹಲ್ಲುಗಳ ಮೇಲೆ ಹಾರಿ ಅವುಗಳನ್ನು ಕೆಡಿಸುತ್ತವೆ. ಅತಿ ಬಿಗಿಯಾಗಿದ್ದರೆ ಘರ್ಷಣೆ ಹೆಚ್ಚಿ ಶಕ್ತಿ ವ್ಯರ್ಥವಾಗುತ್ತದೆ. ಜಾರುಪಟ್ಟಿ ಮತ್ತು ಬೇರಿಂಗ್‌ಗಳು ಬೇಗ ಸವೆಯುತ್ತವೆ.

ಓರೆಯಾದ ಜೋಡಣೆ: ಹಿಂದಿನ ಅಚ್ಚು ನೇರವಾಗಿರದಿದ್ದರೆ ಟ್ರ್ಯಾಕ್ ಒಂದು ಪಕ್ಕಕ್ಕೆ ಸರಿದು, ಆ ಪಕ್ಕದ ಕ್ಲಿಪ್‌ಗಳೂ ಜಾರುಪಟ್ಟಿಯೂ ಮಾತ್ರ ಸವೆಯುತ್ತವೆ.

ಕಲ್ಲು ಮತ್ತು ಮರದ ಬೊಡ್ಡೆಗಳು: ತೆಳುವಾದ ಹಿಮದ ಕೆಳಗಿರುವ ಇವುಗಳಿಗೆ ತಾಗಿದಾಗ ಸರಳುಗಳು ಮುರಿಯುತ್ತವೆ ಮತ್ತು ಅಂಚುಗಳು ಹರಿಯುತ್ತವೆ.

ಪರೀಕ್ಷೆ ಮತ್ತು ನಿರ್ವಹಣೆ

ಟ್ರ್ಯಾಕ್‌ನ ಪರೀಕ್ಷೆಗಾಗಿ ಎಂಜಿನ್ ನಿಲ್ಲಿಸಿ, ವಾಹನದ ಹಿಂಭಾಗವನ್ನು ಭದ್ರವಾದ ಆಧಾರದ ಮೇಲೆ ಎತ್ತಿ ನಿಲ್ಲಿಸಲಾಗುತ್ತದೆ. ಅನಂತರ ಟ್ರ್ಯಾಕ್ ಅನ್ನು ಕೈಯಿಂದ ನಿಧಾನವಾಗಿ ಒಂದು ಪೂರ್ಣ ಸುತ್ತು ತಿರುಗಿಸಿ, ಕಿತ್ತುಹೋದ ಲಗ್‌ಗಳು, ಮುರಿದ ಸರಳುಗಳು, ಕಳಚಿದ ಕ್ಲಿಪ್‌ಗಳು, ಬಿರುಕುಗಳು ಮತ್ತು ಹೊರಗೆ ಕಾಣುವ ದಾರಗಳನ್ನು ಹುಡುಕಲಾಗುತ್ತದೆ. ಲಗ್‌ನ ಎತ್ತರವನ್ನು ನಡುವಿನಲ್ಲಿಯೂ ಎರಡು ಅಂಚುಗಳಲ್ಲಿಯೂ ಅಳೆದು ಹೊಸ ಟ್ರ್ಯಾಕ್‌ನ ಅಳತೆಯೊಂದಿಗೆ ಹೋಲಿಸಿದರೆ ಸವೆತದ ಪ್ರಮಾಣ ತಿಳಿಯುತ್ತದೆ. ಬಿಗಿತವನ್ನು ಅಳೆಯಲು ಟ್ರ್ಯಾಕ್‌ನ ಕೆಳಭಾಗದ ನಡುವೆ ನಿಗದಿತ ಭಾರವನ್ನು ತೂಗುಹಾಕಿ, ಅದು ಹಳಿಯಿಂದ ಎಷ್ಟು ಕೆಳಗಿಳಿಯುತ್ತದೆ ಎಂಬುದನ್ನು ನೋಡಲಾಗುತ್ತದೆ. ಭಾರ ಮತ್ತು ಇಳಿಕೆಯ ಅಳತೆಗಳು ಪ್ರತಿ ಮಾದರಿಯ ಕೈಪಿಡಿಯಲ್ಲಿರುತ್ತವೆ. ಹೊಸ ಟ್ರ್ಯಾಕ್ ಆರಂಭದಲ್ಲಿ ಸ್ವಲ್ಪ ಹಿಗ್ಗುವುದರಿಂದ ಮೊದಲ ಸವಾರಿಗಳ ಬಳಿಕ ಮತ್ತೆ ಅಳೆಯುವುದು ಅವಶ್ಯಕ.

ಸವೆದ ಟ್ರ್ಯಾಕ್ ಹೊಸದಕ್ಕಿಂತ ತುಸು ಹಗುರವಾಗಿರುತ್ತದೆ. ಆದರೆ ಇದನ್ನು ಲಾಭವೆಂದು ಪರಿಗಣಿಸಲಾಗದು. ಲಗ್‌ನ ತುದಿ ಮತ್ತು ಅಂಚು ಸವೆದಂತೆ ಹಿಮದ ಮೇಲಿನ ಹಿಡಿತ ಕುಗ್ಗಿ, ಟ್ರ್ಯಾಕ್ ಮುಂದೆ ಸಾಗುವ ಬದಲು ತನ್ನ ಕೆಳಗಿನ ಹಿಮವನ್ನೇ ಅಗೆಯತೊಡಗುತ್ತದೆ.

ಸುರಕ್ಷತೆ

ಎತ್ತರದ ಪರ್ವತದಲ್ಲಿ ವಾಹನ ಹೂತುಹೋಗುವುದು ಕೇವಲ ಅನಾನುಕೂಲತೆಯಲ್ಲ. 240 ಕಿಲೋಗ್ರಾಂ ತೂಗುವ ಯಂತ್ರವನ್ನು ಆಳದ ಹಿಮದಿಂದ ಒಬ್ಬನೇ ಎತ್ತಿ ತೆಗೆಯುವುದು ಅತ್ಯಂತ ಶ್ರಮದ ಕೆಲಸ. ಬೆವರಿನಿಂದ ಒದ್ದೆಯಾದ ಬಟ್ಟೆಯಲ್ಲಿ ದೇಹ ಬೇಗನೆ ಶಾಖ ಕಳೆದುಕೊಳ್ಳುತ್ತದೆ. ಕಡಿದಾದ ಇಳಿಜಾರಿನಲ್ಲಿ ಸಿಕ್ಕಿಕೊಂಡ ಸವಾರನು ಹಿಮಕುಸಿತದ ದಾರಿಯಲ್ಲಿಯೇ ಉಳಿಯಬೇಕಾಗುತ್ತದೆ. ಅವನ ಸಹಾಯಕ್ಕೆ ಇನ್ನೊಂದು ವಾಹನ ಅದೇ ಇಳಿಜಾರನ್ನು ಏರಿದರೆ ಹಿಮದ ಪದರದ ಮೇಲಿನ ಭಾರ ಹೆಚ್ಚಿ ಅಪಾಯ ಇಮ್ಮಡಿಸುತ್ತದೆ. ಅಮೆರಿಕ ಮತ್ತು ಕೆನಡಾಗಳಲ್ಲಿ ಹಿಮಕುಸಿತಕ್ಕೆ ಬಲಿಯಾಗುವವರಲ್ಲಿ ಸ್ನೋಮೊಬೈಲ್ ಸವಾರರ ಪಾಲು ಗಣನೀಯವಾಗಿದೆ. ಈ ಕಾರಣದಿಂದ ಪ್ರತಿಯೊಬ್ಬ ಸವಾರನೂ ಹಿಮದಡಿ ಸಿಲುಕಿದವರನ್ನು ಪತ್ತೆಹಚ್ಚುವ ರೇಡಿಯೊ ಸಾಧನ, ಹಿಮದ ಆಳಕ್ಕೆ ಇಳಿಸಿ ನೋಡುವ ಉದ್ದನೆಯ ಕೋಲು ಮತ್ತು ಸಲಿಕೆಯನ್ನು ಒಯ್ಯಬೇಕೆಂದೂ ಅಪಾಯದ ಇಳಿಜಾರಿನಲ್ಲಿ ಒಮ್ಮೆಗೆ ಒಬ್ಬರು ಮಾತ್ರ ಸಾಗಬೇಕೆಂದೂ ತರಬೇತಿಗಳಲ್ಲಿ ಹೇಳಲಾಗುತ್ತದೆ.

ಭಾರತದಲ್ಲಿ

ಭಾರತದಲ್ಲಿ ಸ್ನೋಮೊಬೈಲ್‌ಗಳ ಬಳಕೆ ಹಿಮಾಲಯದ ಪ್ರದೇಶಗಳಿಗೆ ಸೀಮಿತವಾಗಿದೆ. ಜಮ್ಮು ಮತ್ತು ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಪ್ರವಾಸಿಗರಿಗಾಗಿ ಇವುಗಳನ್ನು ಓಡಿಸಲಾಗುತ್ತದೆ. ಸಿಯಾಚಿನ್ ಹಿಮನದಿ ಪ್ರದೇಶದಲ್ಲಿ ಭಾರತೀಯ ಸೇನೆಯು ಇಂತಹ ವಾಹನಗಳನ್ನು ಸಾಗಾಟಕ್ಕೆ ಬಳಸುತ್ತದೆ. ಅಲ್ಲಿ ಇವುಗಳನ್ನು ಸ್ನೋ ಸ್ಕೂಟರ್ ಎಂದು ಕರೆಯುವುದು ರೂಢಿ.