ಆಸ್ಟ್ರೋಪೈ

ಆಸ್ಟ್ರೋಪೈ ಎಂಬುದು ಖಗೋಳವಿಜ್ಞಾನದ ದತ್ತಾಂಶ ವಿಶ್ಲೇಷಣೆಗಾಗಿ ಪೈಥಾನ್ ಭಾಷೆಯಲ್ಲಿ ರಚಿತವಾದ ಮುಕ್ತ ತಂತ್ರಾಂಶ. ಒಂದೇ ಕಾರ್ಯಕ್ಕೆ ಹಲವರು ಪ್ರತ್ಯೇಕ ತಂತ್ರಾಂಶಗಳನ್ನು ಬರೆಯುತ್ತಿದ್ದುದರಿಂದ ಶ್ರಮ ವ್ಯರ್ಥವಾಗುತ್ತಿತ್ತು. ಇದನ್ನು ತಪ್ಪಿಸಲು ಖಗೋಳವಿಜ್ಞಾನಿಗಳ ಸಮುದಾಯವೇ 2011ರಲ್ಲಿ ಈ ಯೋಜನೆಯನ್ನು ಆರಂಭಿಸಿತು.

ಕಾಲಗಣನೆ, ಆಕಾಶಕಾಯಗಳ ನಿರ್ದೇಶಾಂಕ, ಕೋಷ್ಟಕ, ಫಿಟ್ಸ್ ಕಡತಗಳ ಓದು ಮುಂತಾದವು ಇದರ ಅಂಗಗಳು. ಪ್ರತಿ ಸಂಖ್ಯೆಯೊಡನೆ ಅದರ ಅಳತೆಯ ಮಾನವನ್ನೂ ಜೋಡಿಸಿಡಬಹುದು. ಹಾಗೆ ಜೋಡಿಸಿದಾಗ ಕಿಲೋಮೀಟರಿಗೆ ಸೆಕೆಂಡನ್ನು ಕೂಡಿಸಹೊರಟರೆ ತಂತ್ರಾಂಶವು ತಪ್ಪನ್ನು ಸೂಚಿಸಿ ಲೆಕ್ಕವನ್ನು ನಿಲ್ಲಿಸುತ್ತದೆ.

ಮೊದಲ ಸಾರ್ವಜನಿಕ ಆವೃತ್ತಿ 2013ರಲ್ಲಿಯೂ 1.0 ಆವೃತ್ತಿ 2015ರಲ್ಲಿಯೂ ಬಿಡುಗಡೆಯಾದವು. 2018ರ 3.0 ಆವೃತ್ತಿಯು ಪೈಥಾನ್ 2ರ ಬೆಂಬಲವನ್ನು ಕೈಬಿಟ್ಟಿತು. ಹಳೆಯ ಕ್ರಮವಿಧಿಗಳನ್ನು ಅವಲಂಬಿಸಿದ ಸಂಶೋಧನೆಗಳು ಒಮ್ಮೆಲೇ ನಿಲ್ಲದಿರಲೆಂದು 2.0 ಆವೃತ್ತಿಯ ದೋಷಪರಿಹಾರವನ್ನು 2019ರ ಅಂತ್ಯದವರೆಗೆ ಮುಂದುವರಿಸಲಾಯಿತು. 7.0 ಆವೃತ್ತಿಯು 2024ರ ನವೆಂಬರ್‌ನಲ್ಲಿ ಹೊರಬಂದಿತು.

2015ರ ಸೆಪ್ಟೆಂಬರ್ 28ರಂದು ಉಡಾವಣೆಯಾದ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ ದತ್ತಾಂಶವು ಬೆಂಗಳೂರು ಸಮೀಪದ ಬ್ಯಾಲಾಳುವಿನಲ್ಲಿರುವ ಇಸ್ರೋ ದತ್ತಾಂಶ ಕೇಂದ್ರದಲ್ಲಿ ಸಂಗ್ರಹವಾಗಿದೆ. ಅದು ಫಿಟ್ಸ್ ರೂಪದಲ್ಲಿರುವುದರಿಂದ, ಸಾರ್ವಜನಿಕವಾಗಿ ಬಿಡುಗಡೆಯಾದ ಭಾಗವನ್ನು ಸಾಮಾನ್ಯ ಗಣಕಯಂತ್ರವುಳ್ಳ ವಿದ್ಯಾರ್ಥಿಯೂ ಆಸ್ಟ್ರೋಪೈ ಮೂಲಕ ಶುಲ್ಕವಿಲ್ಲದೆ ತೆರೆದು ಪರಿಶೀಲಿಸಬಹುದು.