ಮಡಿ ಮಾಡುವವರ ಮಾತು

ಮಡಿ ಎಂದೊಡನೆ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು ಅಡುಗೆಮನೆಯ ಹೊಸ್ತಿಲಲ್ಲಿ ‘ಮುಟ್ಟಬೇಡ’ ಎಂದು ಕೈಯೆತ್ತಿ ತಡೆಯುವ ಅಜ್ಜಿಯರು. ಈ ಪದ ಅಡುಗೆಮನೆಗೆ ಬಂದದ್ದು ಮಾತ್ರ ಕೆರೆಯ ದಂಡೆಯಿಂದ. ಮಡಿ ಎಂದರೆ ಮೊದಲಿಗೆ ಒಗೆದ ಬಟ್ಟೆ. ಮಡಿಯವನು ಮಡಿವಳ, ಪಡೆಯವನು ಪಡೆವಳನಾದ ಹಾಗೆಯೇ. ಮಡಿವಳನೇ ಬರಬರುತ್ತ ಮಡಿವಾಳನಾದ. ಮಡಿ ಎಂಬುದಕ್ಕೆ ಮೊದಲಿನಿಂದಲೂ ‘ಮುಟ್ಟಬಾರದ್ದು’ ಎಂಬ ಅರ್ಥವೇ ಇದ್ದಿದ್ದರೆ, ಊರಿನ ಮಾಸಿದ ಬಟ್ಟೆಯನ್ನೆಲ್ಲ ಮುಟ್ಟಿ ಹೊತ್ತು ಒಗೆಯುವವನಿಗೆ ಆ ಪದದಿಂದ ಹೆಸರು ಹುಟ್ಟುತ್ತಿರಲಿಲ್ಲ.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಹಾಕಿದ ಕಿಟೆಲರ ನಿಘಂಟನ್ನು ತೆರೆದರೆ ‘ಮಡಿ’ಗೆ ಹಲವು ಅರ್ಥಗಳು ಸಿಗುತ್ತವೆ. ಮಡಿಸುವುದು ಒಂದು, ಸಾಯುವುದು ಇನ್ನೊಂದು, ಶುಚಿ ಮತ್ತೊಂದು, ಸಸಿಮಡಿಯ ಮಡಿ ಮಗದೊಂದು. ಮಡಿಸುವ ಅರ್ಥದ ಸಂತಾನವಂತೂ ದೊಡ್ಡದು. ಎರಡು ಮಡಿಕೆಯಾದದ್ದು ಇಮ್ಮಡಿ, ಮೂರಾದದ್ದು ಮುಮ್ಮಡಿ, ನಾಲ್ಕಾದದ್ದು ನಾಲ್ವಡಿ. ಬಾದಾಮಿಯ ಇಮ್ಮಡಿ ಪುಲಕೇಶಿಯಿಂದ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರವರೆಗೆ ನಮ್ಮ ಅರಸರ ಹೆಸರನ್ನು ನಾವು ಎಣಿಸಿದ್ದು ಮಡಿಕೆಯ ಲೆಕ್ಕದಲ್ಲಿ. ಶುಚಿಯ ಮಡಿಯೂ ಮಡಿಸುವ ಮಡಿಯೂ ಒಂದೇ ಬೇರಿನವು ಎಂದು ನಾನು ಹಟ ಹಿಡಿಯುವುದಿಲ್ಲ. ಆದರೆ ಒಗೆದದ್ದು ಮನೆಗೆ ಬರುವುದು ಮಡಿಸಿಯೇ. ಬಳಕೆಯಲ್ಲಿ ಅವೆರಡೂ ಒಂದರ ಪಕ್ಕ ಒಂದು ಬಾಳಿದ ಮಾತುಗಳು.

ಮಡಿವಾಳನ ಇನ್ನೊಂದು ಹೆಸರು ಅಗಸ. ಹಳಗನ್ನಡದಲ್ಲಿ ಅದು ಅಸಗ. ಜನರ ನಾಲಗೆಯಲ್ಲಿ ಅಕ್ಷರ ಪಲ್ಲಟವಾಯಿತು. 9ನೇ ಶತಮಾನದಲ್ಲಿ ಇದೇ ಹೆಸರಿನ ಕವಿಯೊಬ್ಬನಿದ್ದ. ಅಸಗನ ಸಂಸ್ಕೃತ ವರ್ಧಮಾನ ಚರಿತ ಇವತ್ತಿಗೂ ಉಳಿದಿದೆ, ಕನ್ನಡದ ಕೃತಿಗಳು ಸಿಕ್ಕಿಲ್ಲ. ಕೇಶಿರಾಜ ಶಬ್ದಮಣಿದರ್ಪಣದಲ್ಲಿ ತನಗೆ ಮಾದರಿಯಾದ ಕವಿಗಳನ್ನು ಹೆಸರಿಸುವಾಗ ಅಸಗನನ್ನೂ ಸೇರಿಸಿದ್ದಾನೆ.

ಈ ಕಸುಬಿನ ಪದಗಳನ್ನು ನಾವು ಬೇಗ ಮರೆಯುತ್ತಿದ್ದೇವೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಸೋಪು ಬರುವ ಮೊದಲು ಕೊಳೆ ಬಿಡಿಸುತ್ತಿದ್ದದ್ದು ಸವಳು ಮಣ್ಣು. ಅದರ ಕ್ಷಾರ ಜಿಡ್ಡನ್ನು ಕರಗಿಸುತ್ತಿತ್ತು. ನವಿರಾದ ಬಟ್ಟೆಗೆ ಅಂಟುವಾಳದ ನೊರೆ. ಸವಳು ನೀರಿನಲ್ಲಿ ನೆನೆಸಿದ ಬಟ್ಟೆಯನ್ನು ದೊಡ್ಡ ಗಡಿಗೆಯ ಮೇಲೆ ಪೇರಿಸಿ ಹಬೆಯಲ್ಲಿ ಬೇಯಿಸುವುದಕ್ಕೆ ಉಬ್ಬೆ ಎಂದು ಹೆಸರು. ಉಬ್ಬೆಗೆ ಹಾಕಿದ ಮೇಲೆ ಕಲ್ಲಿಗೆ ಒಗೆತ, ಜಾಲಿಸುವುದು, ಹಿಂಡುವುದು, ನೀಲಿ, ಗಂಜಿ, ಬಿಸಿಲು. ಹತ್ತಾರು ಮನೆಯ ಬಟ್ಟೆ ಬೆರೆತುಹೋಗದಂತೆ ಕಾಡುಗೇರಿನ ರಸದಿಂದ ಅಂಚಿನಲ್ಲಿ ಗುರುತು ಹಾಕುತ್ತಿದ್ದರು. ಸುಣ್ಣ ಸೋಕಿದರೆ ಕಪ್ಪಾಗಿ ಕಚ್ಚುವ ಆ ಗುರುತು ಎಷ್ಟು ಒಗೆದರೂ ಹೋಗದು. ಆ ರಸ ಚರ್ಮಕ್ಕೆ ತಾಗಿದರೆ ಹುಣ್ಣಾಗುತ್ತದೆ. ಅದು ಮೊದಲು ತಾಗುತ್ತಿದ್ದದ್ದು ಗುರುತು ಹಾಕುವವರ ಬೆರಳಿಗೆ.

ಈ ಕುಟುಂಬದಲ್ಲಿ ನನಗೆ ಬಹಳ ಇಷ್ಟವಾದ ಪದ ನಡೆಮಡಿ. ದೇವರ ಉತ್ಸವದಲ್ಲಿ, ಮದುವೆಯ ಮೆರವಣಿಗೆಯಲ್ಲಿ ಮಡಿವಾಳರು ದಾರಿಗೆ ಹಾಸುವ ಒಗೆದ ಬಟ್ಟೆ ಅದು. ದಾಟಿದ ಬಟ್ಟೆಯನ್ನು ಹಿಂದಿನಿಂದ ಎತ್ತಿ ತಂದು ಮತ್ತೆ ಮುಂದೆ ಹಾಸುತ್ತಾರೆ. ದೇವರೂ ನಡೆಯುವುದು ಅವರು ಒಗೆದ ಬಟ್ಟೆಯ ಮೇಲೆ.

ಹೀಗಿದ್ದ ಪದ ಕೈಬದಲಾಯಿತು. ಆಚಾರದ ಮನೆಗಳಲ್ಲಿ ಮಡಿ ಎಂದರೆ ತಾವೇ ನೀರಲ್ಲಿ ಜಾಲಿಸಿ, ಯಾರ ಕೈಗೂ ಎಟುಕದ ಗಳುವಿನ ಮೇಲೆ ಕೋಲಿನಿಂದ ಹರವಿ ಒಣಗಿಸಿದ ವಸ್ತ್ರ. ಮಡಿವಾಳ ಒಗೆದು ತಂದದ್ದು ಮಡಿಯಾಗದು, ಅದನ್ನು ಮತ್ತೆ ನೀರಿಗೆ ಹಾಕಬೇಕು! ಮಡಿ ಮಾಡುವವನನ್ನೇ ಮಡಿಯಿಂದ ಹೊರಗಿಟ್ಟ ಈ ಅರ್ಥಪಲ್ಲಟ ಕನ್ನಡದ ಅತಿ ಅನ್ಯಾಯದ ಅರ್ಥಪಲ್ಲಟಗಳಲ್ಲಿ ಒಂದು ಎಂದು ನಾನು ತಿಳಿದಿದ್ದೇನೆ. ಮೈಲಿಗೆಯನ್ನೂ ಹೀಗೆಯೇ ಬಟ್ಟೆಯಿಂದ ಬಿಡಿಸಿ ಮನುಷ್ಯರಿಗೆ ಅಂಟಿಸಿದೆವು. 12ನೇ ಶತಮಾನದಲ್ಲಿ ದೇವರ ಹಿಪ್ಪರಗಿಯ ಮಡಿವಾಳ ಮಾಚಿದೇವ ಕಲ್ಯಾಣದಲ್ಲಿ ಶರಣರ ಬಟ್ಟೆ ಒಗೆಯುತ್ತ, ಆ ಕಸುಬಿನ ಹೆಸರನ್ನೇ ತಲೆಯೆತ್ತಿ ಹೊತ್ತು ವಚನ ಬರೆದ. ಪುರಂದರದಾಸರೂ ಬಟ್ಟೆಯ ಮಡಿಯನ್ನು ಪ್ರಶ್ನಿಸಿ ಹಾಡಿದರು.

ಆಚಾರವಂತರು ಒಂದು ವಿನಾಯಿತಿ ಇಟ್ಟುಕೊಂಡಿದ್ದರು: ಪಟ್ಟೆಮಡಿ. ರೇಷ್ಮೆಯನ್ನು ದಿನವೂ ಒಗೆಯಬೇಕಿಲ್ಲ, ಉಟ್ಟರೆ ಅದೇ ಮಡಿ. ಉಣ್ಣೆಯ ದಾವಳಿಗೂ ಈ ರಿಯಾಯಿತಿ ಇತ್ತು. ಶಾಸ್ತ್ರ ಏನೇ ಹೇಳಲಿ, ನೀರು ಒಗ್ಗದ ಎರಡು ನೂಲುಗಳು ಇವೇ. ನೀರು ಕುಡಿದ ಎಳೆ ಉಬ್ಬುತ್ತದೆ, ರೇಷ್ಮೆಯ ಹೊಳಪು ಕುಂದುತ್ತದೆ, ಬಣ್ಣ ಬಿಡುತ್ತದೆ. ಉಣ್ಣೆಯ ಎಳೆಯ ಮೇಲಿನ ಸಣ್ಣ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಡುಸಾಗುತ್ತದೆ. ಡ್ರೈ ಕ್ಲೀನಿಂಗ್ ಹುಟ್ಟಿದ್ದು ಈ ತೊಂದರೆಯಿಂದಲೇ.

ನ್ಯೂಯಾರ್ಕಿನ ದರ್ಜಿ ಥಾಮಸ್ ಜೆನ್ನಿಂಗ್ಸ್ 1821ರಲ್ಲಿ ‘ಡ್ರೈ ಸ್ಕೌರಿಂಗ್’ ಎಂಬ ವಿಧಾನಕ್ಕೆ ಪೇಟೆಂಟ್ ಪಡೆದ. ಅಮೆರಿಕದಲ್ಲಿ ಪೇಟೆಂಟ್ ಪಡೆದ ಮೊದಲ ಕರಿಯ ಆತ ಎಂದು ಚರಿತ್ರೆಕಾರರು ಹೇಳುತ್ತಾರೆ. 1836ರಲ್ಲಿ ಪೇಟೆಂಟ್ ಕಚೇರಿಗೆ ಬೆಂಕಿ ಬಿದ್ದು ಆ ಕಾಗದವೂ ಸುಟ್ಟುಹೋಯಿತು. ಅದೇ 1821ರಲ್ಲಿ ಮೈಕೆಲ್ ಫ್ಯಾರಡೆ ಇಂಗ್ಲೆಂಡಿನಲ್ಲಿ ಪರ್‌ಕ್ಲೋರೋಎಥಿಲೀನ್ ಎಂಬ ದ್ರವ ತಯಾರಿಸಿದ್ದ. ಬಟ್ಟೆಗೂ ಅದಕ್ಕೂ ನಂಟು ಬೆಳೆಯಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಲ್ಲಿಯವರೆಗೆ ಟರ್ಪೆಂಟೈನ್, ಪೆಟ್ರೋಲ್ ಜಾತಿಯ ದ್ರವಗಳು. ಅಂಗಡಿಗಳು ಹೊತ್ತಿ ಉರಿದದ್ದೂ ಉಂಟು. ನಮ್ಮಲ್ಲಿ ‘ಪೆಟ್ರೋಲ್ ವಾಷ್’ ಎಂಬ ಮಾತು ಬಂದದ್ದು ಆ ದಾರಿಯಿಂದ. ಮಿನರಲ್ ಟರ್ಪೆಂಟೈನ್ ಇಂದಿಗೂ ಭಾರತದ ಅನೇಕ ಅಂಗಡಿಗಳಲ್ಲಿ ಬಳಕೆಯಲ್ಲಿದೆ.

‘ಡ್ರೈ’ ಎಂದ ಮಾತ್ರಕ್ಕೆ ಬಟ್ಟೆ ಒಣಗಿಯೇ ಇರುತ್ತದೆ ಎಂದಲ್ಲ. ಅದು ತೊಯ್ಯುತ್ತದೆ, ನೀರಿನಲ್ಲಲ್ಲ ಅಷ್ಟೇ. ಮೊದಲು ಚೀಟಿ ಕಟ್ಟುತ್ತಾರೆ. ಕಾಡುಗೇರಿನ ಗುರುತಿನ ಜಾಗಕ್ಕೆ ಬಂದದ್ದು ಇದು. ಕಲೆಗಳನ್ನು ಹುಡುಕಿ ಕೈಯಿಂದ ಬಿಡಿಸುತ್ತಾರೆ. ಆಮೇಲೆ ಮುಚ್ಚಿದ ಯಂತ್ರದ ಉರುಳೆಯಲ್ಲಿ ದ್ರಾವಕ ಬಟ್ಟೆಯ ನಡುವೆ ಹಾದು, ಸೋಸಿ, ಮತ್ತೆ ಹಾಯುತ್ತದೆ. ಅದು ಜಿಡ್ಡನ್ನು ಕರಗಿಸುತ್ತದೆ, ಎಳೆಯನ್ನು ಉಬ್ಬಿಸುವುದಿಲ್ಲ. ಕೊನೆಗೆ ಬಿಸಿಗಾಳಿ. ಹೊರಟ ಆವಿಯನ್ನು ತಣಿಸಿ ದ್ರವವಾಗಿ ಹಿಂದಕ್ಕೆ ಪಡೆದು, ಬಟ್ಟಿ ಇಳಿಸಿ ಮತ್ತೆ ಬಳಸುತ್ತಾರೆ. ಕೊನೆಯ ಕೆಲಸ ಹಬೆಯ ಇಸ್ತ್ರಿ. ಬೆವರು, ಸಕ್ಕರೆ, ಉಪ್ಪು ನೀರಿಗೆ ಕರಗುವಂಥವು. ದ್ರಾವಕಕ್ಕೆ ಅವು ಸುಲಭಕ್ಕೆ ಜಗ್ಗುವುದಿಲ್ಲ. ಅದಕ್ಕೇ ಕೈಯಿಂದ ಕಲೆ ಬಿಡಿಸುವವರ ಕಣ್ಣು ಯಂತ್ರಕ್ಕಿಂತ ದೊಡ್ಡದು.

ಆ ಕಣ್ಣಿನವರು ದಿನವಿಡೀ ಉಸಿರಾಡುವ ಗಾಳಿಯ ಬಗ್ಗೆ ನಾವು ಯೋಚಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಪರ್‌ಕ್ಲೋರೋಎಥಿಲೀನನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರುವ ವಸ್ತುಗಳ ಸಾಲಿನಲ್ಲಿ ಇಟ್ಟಿದೆ. ಚೆಲ್ಲಿದರೆ ಅದು ನೆಲಕ್ಕಿಳಿದು ಅಂತರ್ಜಲ ಸೇರುತ್ತದೆ. ಡ್ರೈ ಕ್ಲೀನಿಂಗ್‌ನಲ್ಲಿ ಅದನ್ನು 10 ವರ್ಷಗಳಲ್ಲಿ ಹಂತಹಂತವಾಗಿ ಕೈಬಿಡುವ ನಿಯಮವನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರ ಡಿಸೆಂಬರಿನಲ್ಲಿ ಹೊರಡಿಸಿತು. ನೀರನ್ನೇ ಹದವರಿತು ಬಳಸುವ ವೆಟ್ ಕ್ಲೀನಿಂಗ್ ಈಗ ಬೆಳೆಯುತ್ತಿದೆ. ಬಟ್ಟೆಯ ಒಳಚೀಟಿಯಲ್ಲಿ ವೃತ್ತದೊಳಗೆ ‘ಡಬ್ಲ್ಯು’ ಅಕ್ಷರವಿದ್ದರೆ ಅದಕ್ಕೆ ಅಡ್ಡಿಯಿಲ್ಲ ಎಂದರ್ಥ. ‘ಪಿ’ ಇದ್ದರೆ ಪರ್‌ಕ್ಲೋರೋಎಥಿಲೀನ್ ಬಳಸಬಹುದು, ‘ಎಫ್’ ಇದ್ದರೆ ಪೆಟ್ರೋಲ್ ಜಾತಿಯ ದ್ರಾವಕ.

ಆದ್ದರಿಂದ ಒಂದು ಸಲ ಉಟ್ಟ ಸೀರೆಯನ್ನೆಲ್ಲ ಅಂಗಡಿಗೆ ಕೊಡಬೇಡಿ. ನೆರಳಲ್ಲಿ ಗಾಳಿಗೆ ಹರವಿದರೆ ಎಷ್ಟೋ ಸಲ ಅಷ್ಟೇ ಸಾಕು. ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಚೀಲವನ್ನು ಅಂದೇ ತೆಗೆದು, ಕಿಟಕಿಯ ಬಳಿ ಗಾಳಿಯಾಡಲು ಬಿಟ್ಟು, ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಜರಿಯ ಸೀರೆಯ ಮಡಿಕೆಯನ್ನು ಆಗಾಗ ಬದಲಿಸಿ, ಒಂದೇ ಗೆರೆಯಲ್ಲಿ ಮಡಿಸುತ್ತಿದ್ದರೆ ಜರಿ ಅಲ್ಲೇ ಮುರಿಯುತ್ತದೆ. ಅತ್ತರು, ನುಸಿಗುಳಿಗೆ ಜರಿಗೆ ತಾಗದಿರಲಿ. ಸೀರೆ ಕೊಡುವಾಗ ಕಲೆ ಎಲ್ಲಿದೆ, ಯಾವುದರದ್ದು, ಎಂದು ಬಿದ್ದದ್ದು ಎಂದು ಬಿಡಿಸಿ ಹೇಳಿ. ಎಳನೀರು, ನಿಂಬೆ ಶರಬತ್ತು ಬಿದ್ದಾಗ ಕಾಣದೆ, ಇಸ್ತ್ರಿಯ ಕಾವು ತಾಗಿದ ಮೇಲೆ ಹಳದಿಯಾಗಿ ಏಳುತ್ತವೆ. ಮೊದಲೇ ತಿಳಿದರೆ ಅವರು ನೀರಲ್ಲಿ ಬಿಡಿಸಿಯಾರು. ಯಾವ ದ್ರಾವಕ ಬಳಸುತ್ತೀರಿ, ಕೆಲಸದವರಿಗೆ ಕೈಗವಸು ಇದೆಯೇ, ಆವಿ ಹೊರಹೋಗಲು ದಾರಿ ಇದೆಯೇ ಎಂದೂ ಕೇಳಿ. ಗಿರಾಕಿ ಕೇಳಿದರೆ ಮಾಲೀಕ ಉತ್ತರ ಕೊಡಲೇಬೇಕಾಗುತ್ತದೆ.