‘ಮತ್ತು ಇತರರು’: ಪಟದಾಗಿನ ಹೆಸರುಗಳ ಚರಿತ್ರೆ

ಪಟ ಉಳಿದರೆ ಚರಿತ್ರೆ ಉಳಿಯಿತು ಎಂದು ನಂಬಿದವರಲ್ಲಿ ನಾನೂ ಒಬ್ಬ. ಆ ನಂಬಿಕೆ ಮುರಿದದ್ದು ಕುಸನೂರಿನಲ್ಲಿ.

ಕಲಬುರಗಿ ಪಟ್ಟಣ ಬೆಳೀತಾ ಬೆಳೀತಾ ಕುಸನೂರಿನ ಬಾಗಿಲಿಗೆ ಬಂದು ನಿಂತಿದೆ. ಅಲ್ಲಿ ನಮ್ಮ ಮಂದಿಯ ಮನೆಗಳಲ್ಲಿ ಹಳೆಯ ಪಟ ಇರುವುದೇ ಅಪರೂಪ. ಇದ್ದವೂ ಟ್ರಂಕಿನ ತಳದಲ್ಲಿ, ರೇಷನ್ ಕಾರ್ಡಿನ ಸಂಗಡ, ಮಕ್ಕಳ ಮಾರ್ಕ್ಸ್‌ಕಾರ್ಡಿನ ಸಂಗಡ. ಮದುವೆಯದೊಂದು, ಅಂಬೇಡ್ಕರ್ ಜಯಂತಿಯದೊಂದು, ಸತ್ತವರದೊಂದು. ಕೆಲವು ವರ್ಷದ ಹಿಂದೆ ನಾವು ನಾಲ್ಕು ಜನ ಕೂಡಿ ಅವನ್ನೆಲ್ಲ ಸ್ಕ್ಯಾನ್ ಮಾಡಿದೆವು. ಮುದುಕರ ಮುಂದೆ ಕಂಪ್ಯೂಟರ್ ಇಟ್ಟು ಒಂದೊಂದು ಮುಖ ತೋರಿಸಿ ಕೇಳಿದೆವು. ‘ಇಂವ ಯಾರು ಮುತ್ಯಾ?’ ‘ಇಂವ ನಮ್ಮ ಕಾಕಾನ ಮಗ. ಬರಗಾಲದಾಗ ಮುಂಬೈಗೆ ಹ್ವಾದ, ಹೊಳ್ಳಿ ಬರ್ಲಿಲ್ಲ.’ ಹಿಂಗೆ ಒಂದೊಂದು ಮುಖಕ್ಕೂ ಹೆಸರು ಹಚ್ಚಿದೆವು. ಮನೆವಾರು, ವರ್ಷವಾರು ಆಲ್ಬಂ ಮಾಡಿದೆವು.

ಆಮೇಲೆ ಕಂಪ್ಯೂಟರ್ ಬದಲಾಯಿತು, ಪಟ ನೋಡುವ ಸಾಫ್ಟ್‌ವೇರೂ ಬದಲಾಯಿತು. ಪಟಗಳನ್ನು ಹೊಸ ಕಡೆ ಸುರಿದೆವು. ಎಣಿಸಿದರೆ ಒಂದೂ ಕಡಿಮೆ ಇಲ್ಲ. ಆದರೆ ಹೆಸರಿಲ್ಲ, ಆಲ್ಬಂ ಇಲ್ಲ. ಹೆಸರು ಹೇಳಿದ ಮುತ್ಯಾನೂ ಅಷ್ಟೊತ್ತಿಗೆ ಇರಲಿಲ್ಲ. ತಪ್ಪು ನಮ್ಮದೇ. ಧಾನ್ಯ ಹೊತ್ತು ತಂದೆವು, ಲೆಕ್ಕದ ಪುಸ್ತಕ ಹಳೇ ಮನೆಯಲ್ಲೇ ಬಿಟ್ಟು ಬಂದೆವು.

ಇದು ಬರೇ ಕಂಪ್ಯೂಟರಿನ ಮಾತಾಗಿದ್ದರೆ ಈ ಪುಟದಲ್ಲಿ ಬರೆಯುತ್ತಿರಲಿಲ್ಲ. ಪಟದಿಂದ ಹೆಸರು ಬೇರೆಯಾಗುವುದು ನಮಗೆ ಹೊಸದಲ್ಲ. ಅದಕ್ಕೆ ನೂರೈವತ್ತು ವರ್ಷದ ಚರಿತ್ರೆ ಇದೆ.

1868ರಿಂದ 1875ರವರೆಗೆ ಬ್ರಿಟಿಷ್ ಸರಕಾರ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳನ್ನು ಲಂಡನ್ನಿನಲ್ಲಿ ಹೊರತಂದಿತು. ವಾಟ್ಸನ್ ಮತ್ತು ಕೇ ಎಂಬಿಬ್ಬರು ಸಂಪಾದಕರು. ನಾಲ್ಕುನೂರಕ್ಕೂ ಹೆಚ್ಚು ಪಟಗಳು. ರಾಜರಿಗೆ, ಸರದಾರರಿಗೆ ಅಲ್ಲಿ ಅವರವರ ಹೆಸರಿದೆ. ಬಹುಪಾಲು ಉಳಿದವರ ಕೆಳಗೆ ಅಚ್ಚಾದದ್ದು ಜಾತಿ, ಬುಡಕಟ್ಟು, ಕಸುಬು. ಕ್ಯಾಮರಾದ ಮುಂದೆ ನಿಂತವನಿಗೆ ತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು. ಅದನ್ನು ಯಾರೂ ಕೇಳಲಿಲ್ಲ. ಆ ಪಟ ಇವತ್ತಿಗೂ ಸುರಕ್ಷಿತ. ಮನುಷ್ಯ ಕಾಣೆ.

ಇನ್ನೊಂದು ಉದಾಹರಣೆ ನಮ್ಮ ಸೀಮೆಗೆ ಹತ್ತಿರದ್ದು. ಗುಲ್ಬರ್ಗಾ ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆರನೆಯ ನಿಜಾಮನ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನ್ ದಯಾಳ್. ಆತ ತೆಗೆದದ್ದು ಗಾಜಿನ ಫಲಕಗಳ ಮೇಲೆ. ಅರಮನೆ, ಬೇಟೆ, ದರ್ಬಾರು, ಸಾಹೇಬರ ಔತಣ. ಆತ ತೀರಿಕೊಂಡದ್ದು 1905ರಲ್ಲಿ. 1989ರಲ್ಲಿ ದಿಲ್ಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಆತನ 2,857 ಫಲಕಗಳನ್ನು ಕೊಂಡಿತು. ಆ ಎಷ್ಟೋ ಪಟಗಳನ್ನು ಈಗಲೂ ಗುರುತಿಸಬಹುದು. ಯಾಕೆ? ಆತನ ಅಂಗಡಿಯವರು ಸಂಖ್ಯೆಯನ್ನು, ಶೀರ್ಷಿಕೆಯನ್ನು ಫಲಕದ ಮೈಮೇಲೇ ಬರೆಯುತ್ತಿದ್ದರು. ಫಲಕ ಎಲ್ಲಿಗೆ ಹೋದರೂ ಹೆಸರು ಅದರ ಸಂಗಡವೇ ಹೋಯಿತು. ಸಂಸ್ಥಾನ ಹೋಯಿತು, 1948 ಬಂತು, 1956ರ ನವೆಂಬರ್ 1ಕ್ಕೆ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕಡತಗಳ ಭಾಷೆ ಬದಲಾಯಿತು, ಕಚೇರಿಗಳು ಬದಲಾದವು. ಗಾಜಿನ ಮೇಲಿನ ಅಕ್ಷರ ಬದಲಾಗಲಿಲ್ಲ.

ಧಣಿಗಳ ಹೆಸರು ಗಾಜಿನಲ್ಲಿ ಉಳಿಯಿತು. ನಮ್ಮವರ ಹೆಸರು ಎಲ್ಲಿ ಉಳಿಯಿತು? ಮುದುಕಿಯರ ಬಾಯಲ್ಲಿ.

1968ರಲ್ಲಿ ಬಿ. ಶ್ಯಾಮಸುಂದರ್ ಇದೇ ಗುಲ್ಬರ್ಗಾದಲ್ಲಿ ಭೀಮಸೇನೆ ಕಟ್ಟಿದರು. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಬಂತು. ಹಳ್ಳಿಹಳ್ಳಿಯಿಂದ ಜನ ಬುತ್ತಿ ಕಟ್ಟಿಕೊಂಡು ಬಂದರು. ಆ ಕಾಲದ ಪಟ ಪತ್ರಿಕೆಯಲ್ಲಿ ಬಂದರೆ ಕೆಳಗೆ ಏನಿರುತ್ತಿತ್ತು? ಮುಖಂಡರ ಹೆಸರು, ಆಮೇಲೆ ‘ಮತ್ತು ಇತರರು’. ಮುಖಂಡರನ್ನು ಎತ್ತಿ ನಿಲ್ಲಿಸಿದವರು ಈ ಇತರರೇ. ಕೂಲಿ ಬಿಟ್ಟು ಬಂದವರು, ಊರಗೌಡನ ಸಿಟ್ಟಿಗೆ ಗುರಿಯಾದವರು, ಲಾಠಿ ತಿಂದವರು. ಅವರನ್ನೆಲ್ಲ ಎರಡು ಶಬ್ದದಲ್ಲಿ ಮುಗಿಸಿಬಿಟ್ಟೆವು. ಇದನ್ನು ಮಾಡಿದವರು ಮೇಲ್ಜಾತಿಯ ಸಂಪಾದಕರಷ್ಟೇ ಅಲ್ಲ, ನಾವೂ ಮಾಡಿದ್ದೇವೆ.

ಈಗ ಕಂಪ್ಯೂಟರಿನ ಕಾಲ. ಇಲ್ಲೂ ಅದೇ ಪ್ರಶ್ನೆ: ಹೆಸರು ಪಟದ ಮೈಮೇಲೆ ಇದೆಯೋ, ಬೇರೆಯವರ ಪುಸ್ತಕದಲ್ಲಿ ಇದೆಯೋ?

ಪಿಕಾಸಾ ಎಂಬ ಸಾಫ್ಟ್‌ವೇರ್ ಬಹಳ ಮಂದಿಗೆ ಗೊತ್ತು. 2004ರಲ್ಲಿ ಗೂಗಲ್ ಅದನ್ನು ಕೊಂಡು ಪುಕ್ಕಟೆ ಹಂಚಿತು. 2016ರ ಮಾರ್ಚಿನಲ್ಲಿ ಅದಕ್ಕೆ ಬೆಂಬಲ ನಿಲ್ಲಿಸಿತು. ಆಪಲ್ ಕಂಪನಿಯ ಐಫೋಟೋ ಜಾಗಕ್ಕೆ 2015ರಲ್ಲಿ ಫೋಟೋಸ್ ಬಂತು. ಕಂಪನಿಗೆ ಲಾಭವಿಲ್ಲ ಅನ್ನಿಸಿದ ದಿನ ಅಂಗಡಿಯ ಬಾಗಿಲು ಹಾಕುತ್ತದೆ. ಒಳಗಿರುವ ನಮ್ಮ ಹೆಸರುಗಳ ಗತಿ ಏನು?

ಪಿಕಾಸಾದಲ್ಲಿ ಪಟದ ಕೆಳಗೆ ಬರೆದ ಟಿಪ್ಪಣಿ ಸಾಮಾನ್ಯವಾಗಿ ಪಟದ ಫೈಲಿನೊಳಗೇ ಕೂಡುತ್ತಿತ್ತು. ಹಂಗಾಗಿ ಅದು ಬದುಕಿತು. ಆದರೆ ಮುಖದ ಗುರುತು, ಆಲ್ಬಮ್ಮಿನ ಜೋಡಣೆ ಹೊರಗಿನ ಫೈಲುಗಳಲ್ಲಿ ಇರುತ್ತಿದ್ದವು. ಪ್ರತಿ ಫೋಲ್ಡರಿನಲ್ಲೂ ಕಣ್ಣಿಗೆ ಬೀಳದ ಹಾಗೆ ‘ಪಿಕಾಸಾ ಡಾಟ್ ಐಎನ್‌ಐ’ ಎಂಬ ಸಣ್ಣ ಫೈಲು. ಅದರಲ್ಲಿ ಮುಖ ಇರುವ ಜಾಗ, ಒಂದು ಗುಪ್ತ ಸಂಖ್ಯೆ. ಆ ಸಂಖ್ಯೆ ಯಾರದು ಎಂದು ಹೇಳುವ ಪಟ್ಟಿ ಇನ್ನೊಂದು ಕಡೆ. ಪಟಗಳನ್ನಷ್ಟೇ ಆರಿಸಿ ಒಯ್ದವರ ಕೈಯಲ್ಲಿ ಮುಖ ಉಳಿಯಿತು, ಹೆಸರು ಹೋಯಿತು.

ಹಾಗಾದರೆ ಹೊಳ್ಳಿ ಪಡೆಯಬಹುದೇ? ಬಹಳ ಸಲ ಪಡೆಯಬಹುದು. ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ, ಹಳೇ ಡಿಸ್ಕನ್ನು ಅಳಿಸಬೇಡಿ. ಮರೆಯಲ್ಲಿರುವ ಫೈಲುಗಳೂ ಸೇರಿ ಇಡೀ ಡಿಸ್ಕಿನ ನಕಲು ಮೊದಲು ತೆಗೆಯಿರಿ. ಹಳೇ ಸಾಫ್ಟ್‌ವೇರ್ ಇನ್ನೂ ತೆರೆಯುತ್ತಿದ್ದರೆ ಅದರೊಳಗೇ ಕೂತು ಕೆಲಸ ಮಾಡಿ. ಹೆಸರುಗಳನ್ನು ಪಟದೊಳಗೆ ಬರೆಯುವ ಸೌಲಭ್ಯ ಅದರಲ್ಲಿ ಇದೆಯೇ ಹುಡುಕಿ. ಪಿಕಾಸಾದ ಕಡೆಯ ಆವೃತ್ತಿಗಳಲ್ಲಿ ಇತ್ತು. ಹತ್ತು ಪಟಗಳ ಮೇಲೆ ಮಾಡಿ, ಹೊಸ ಸಾಫ್ಟ್‌ವೇರಿನಲ್ಲಿ ತೆರೆದು ನೋಡಿ. ಹೆಸರು ಕಂಡರೆ ಮಾತ್ರ ಮುಂದಿನ ಸಾವಿರಕ್ಕೆ ಕೈಹಾಕಿ.

ಪಟದೊಳಗೆ ಬರೆಯಲು ಎಲ್ಲರಿಗೂ ತೆರೆದ ಮಾನದಂಡಗಳಿವೆ. ಸುದ್ದಿಸಂಸ್ಥೆಗಳು ಬಳಕೆಗೆ ತಂದ ಐಪಿಟಿಸಿ ಒಂದು, 2001ರಲ್ಲಿ ಅಡೋಬಿ ಹೊರತಂದ ಎಕ್ಸ್‌ಎಂಪಿ ಇನ್ನೊಂದು. ಡಿಜಿಕ್ಯಾಮ್ ಎಂಬ ಸ್ವತಂತ್ರ ಸಾಫ್ಟ್‌ವೇರ್ ಇವನ್ನು ಓದುತ್ತದೆ, ಬರೆಯುತ್ತದೆ. ಅದಕ್ಕೆ ಕಾಸು ಕೊಡಬೇಕಿಲ್ಲ, ಯಾವ ಕಂಪನಿಯ ಅಪ್ಪಣೆಯೂ ಬೇಕಿಲ್ಲ. ಇನ್ನೊಂದು ಎಚ್ಚರ: ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಒಳಗಿನ ಬರಹ ಉದುರಿಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಉಳಿಯುತ್ತದೆ. ಉಳಿದರೆ ನೋಡಬಾರದವರೂ ಓದುತ್ತಾರೆ. ಕೇಸು ಹೊತ್ತ ಹುಡುಗರ ಹೆಸರು ಯಾರ ಕೈಗೆ ಹೋಗಬೇಕೆಂದು ವಿಚಾರ ಮಾಡಿಯೇ ಕಳಿಸಬೇಕು.

ಕುಸನೂರಿನ ನಮ್ಮ ಪಟಗಳ ಹಳೇ ಡಿಸ್ಕು ಕಡೆಗೂ ಸಿಕ್ಕಿತು. ಬಹಳಷ್ಟು ಹೆಸರು ಹೊಳ್ಳಿ ಬಂದವು, ಕೆಲವು ಬರಲಿಲ್ಲ. ಉಳಿದ ಪಟ ಹಿಡಿದು ಮತ್ತೆ ಕೇರಿಗೆ ಹೋದೆವು. ಜಯಂತಿಯ ಗುಂಪಿನಲ್ಲಿ ಹಿಂದಿನ ಸಾಲಿನ ಹೆಣ್ಣುಮಗಳೊಬ್ಬಳ ಗುರುತು ಹತ್ತಿರಲಿಲ್ಲ. ಒಬ್ಬ ಆಯಿ ಪಟ ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು, ನಕ್ಕಳು. ‘ಯಾಕೋ ತಮ್ಮಾ, ನಾನೇ ಅಲ್ಲೇನೋ ಇದು!’ ಇಷ್ಟು ವರ್ಷ ಅದೇ ಓಣಿಯಲ್ಲಿ ಅವಳ ಮುಂದೆ ತಿರುಗಾಡಿದ್ದೆವು. ಕಂಪ್ಯೂಟರಿಗೆ ಕೇಳಿದೆವು, ಅವಳಿಗೆ ಕೇಳಿರಲಿಲ್ಲ.

ಶಾಲೆ ಮಾಸ್ತರರೇ, ವಿದ್ಯಾರ್ಥಿ ಗೆಳೆಯರೇ, ನಿಮ್ಮ ನಿಮ್ಮ ಕೇರಿಯಲ್ಲಿ ಇಂಥ ಆಯಿಯರು ಇನ್ನೂ ಇದ್ದಾರೆ. ಈ ವಾರವೇ ಹೋಗಿ ಕೂಡ್ರಿ. ಎಡದಿಂದ ಬಲಕ್ಕೆ, ಸಾಲು ಸಾಲಾಗಿ ಹೆಸರು ಕೇಳಿ. ಕಾಗದದ ಪಟದ ಬೆನ್ನಿಗೆ ಪೆನ್ಸಿಲಿನಿಂದ ಮೆತ್ತಗೆ ಬರೆಯಿರಿ, ಕಂಪ್ಯೂಟರಿನ ಪಟಕ್ಕೆ ಅದರ ಒಳಗೇ ಬರೆಯಿರಿ. ಒಂದು ನಕಲು ನಿಮ್ಮಲ್ಲಿ, ಒಂದು ಆ ಮನೆಯಲ್ಲಿ ಇರಲಿ. ನಮ್ಮ ಪಟದ ಕೆಳಗೆ ‘ಮತ್ತು ಇತರರು’ ಎಂದು ಇನ್ನು ಯಾರೂ ಬರೆಯಕೂಡದು. ನಾವೂ ಬರೆಯಕೂಡದು.